ಹಳೆಯ ಊರುಗಳ ವೈದ್ಯ: ಪ್ಯಾಟ್ರಿಕ್ ಗೆಡ್ಡೀಸ್

ನಮ್ಮ ಊರಿನ ಹಳೆಯ ಪೇಟೆಯನ್ನು ಬಲ್ಲದವರು ಯಾರು? ಎರಡು ಗಾಡಿಗಳು ಎದುರುಬದುರಾದರೆ ಒಂದು ಹಿಂದಕ್ಕೆ ಸರಿಯಲೇಬೇಕಾದ ಓಣಿಗಳು, ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ, ಬಾಗಿಲ ಮುಂದೊಂದು ಕಟ್ಟೆ, ಮೂಲೆಗೊಂದು ಹನುಮಪ್ಪನ ಗುಡಿ, ಅದರ ಎದುರಿಗೆ ಬೇವಿನ ಮರ. ಕೆಲವು ವರ್ಷಗಳ ಹಿಂದೆ ಈ ಓಣಿಗಳಲ್ಲೊಂದರ ಗೋಡೆಗಳ ಮೇಲೆ ಕೆಂಪು ಬಣ್ಣದ ಗೆರೆಗಳು ಕಾಣಿಸಿಕೊಂಡವು. ರಸ್ತೆ ಅಗಲವಾಗಬೇಕಾಗಿತ್ತು. ಆಯಿತು. ಈಗ ಆ ದಾರಿಯಲ್ಲಿ ಆಸ್ಪತ್ರೆಯ ವಾಹನ ಸರಾಗವಾಗಿ ಹೋಗುತ್ತದೆ, ಅದು ಒಳ್ಳೆಯದೇ. ಆದರೆ ನಮ್ಮ ಶಾಲೆಯಲ್ಲಿ ಓದುತ್ತಿದ್ದ ಒಬ್ಬ ಹುಡುಗಿಯ ಮನೆಯ ಮುಂಭಾಗ ಆ ಗೆರೆಯ ಆಚೆಗಿತ್ತು. ಅವಳ ತಾಯಿ ಬಳೆ ಮಾರುತ್ತಿದ್ದುದು ಅದೇ ಕಟ್ಟೆಯ ಮೇಲೆ. ಅವರು ಬಾಡಿಗೆಯವರು, ಬಂದ ಪರಿಹಾರ ಮನೆಯ ಒಡೆಯರಿಗೆ ಸೇರಿತು. ಬೇಸಿಗೆ ರಜೆ ಮುಗಿದು ಶಾಲೆ ತೆರೆದಾಗ ಆ ಹುಡುಗಿಯ ಹೆಸರು ಹಾಜರಿ ಪುಸ್ತಕದಲ್ಲಿ ಇರಲಿಲ್ಲ.

ಊರು ಮುದಿಯಾದಾಗ ಏನು ಮಾಡಬೇಕು? ಕೆಡವಿ ಹೊಸದಾಗಿ ಕಟ್ಟಬೇಕೆ? ಅಥವಾ ಇದ್ದ ಹಾಗೆಯೇ ಬಿಟ್ಟು ಕೊಳೆಯಲು ಬಿಡಬೇಕೆ? ಈ ಎರಡೂ ಅಲ್ಲದ ಮೂರನೆಯ ದಾರಿಯೊಂದು ಉಂಟೆಂದು ತೋರಿಸಲು ತನ್ನ ಇಡೀ ಬಾಳನ್ನು ಸವೆಸಿದ ಮಹನೀಯರೊಬ್ಬರ ಚರಿತ್ರೆಯನ್ನು ನಮ್ಮ ವಿದ್ಯಾರ್ಥಿಗಳಿಗೂ ಅವರ ತಂದೆತಾಯಿಗಳಿಗೂ ಹೇಳಬೇಕೆಂದು ನಾವು ಈ ಲೇಖನವನ್ನು ಬರೆಯುತ್ತಿದ್ದೇವೆ. ಅವರ ಹೆಸರು ಪ್ಯಾಟ್ರಿಕ್ ಗೆಡ್ಡೀಸ್. ದೂರದ ಸ್ಕಾಟ್ಲೆಂಡಿನವರು. ಆದರೆ ನಮಗೆ ತೀರ ಹೊರಗಿನವರಲ್ಲ. ಆದವಾನಿ, ಆಲೂರು, ರಾಯದುರ್ಗಗಳು ಬಳ್ಳಾರಿ ಜಿಲ್ಲೆಗೆ ಸೇರಿದ್ದು, ಆ ಜಿಲ್ಲೆ ಮದ್ರಾಸು ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ, ಅವರು ಬಳ್ಳಾರಿಗೂ ಬಂದು ಅಲ್ಲಿನ ಓಣಿಗಳನ್ನು ಕಂಡು ಹೋದವರು.

ಬಾಲ್ಯ ಮತ್ತು ವಿದ್ಯಾಭ್ಯಾಸ

ಗೆಡ್ಡೀಸರು 1854ನೆಯ ಅಕ್ಟೋಬರ್ 2ರಂದು ಸ್ಕಾಟ್ಲೆಂಡಿನ ಬಾಲಟರ್ ಎಂಬ ಚಿಕ್ಕ ಊರಿನಲ್ಲಿ ಜನಿಸಿದರು. ಅದೇ ಅಕ್ಟೋಬರ್ 2ರಂದು, ಹದಿನೈದು ವರ್ಷಗಳ ನಂತರ, ನಮ್ಮ ಗಾಂಧೀಜಿಯವರು ಹುಟ್ಟಿದರು. ತಂದೆ ಸೈನ್ಯದಲ್ಲಿದ್ದವರು, ಶಿಸ್ತಿನವರು, ದೈವಭಕ್ತರು. ಕುಟುಂಬ ಪರ್ತ್ ಎಂಬ ಪಟ್ಟಣದ ಪಕ್ಕದ ಗುಡ್ಡದ ಮೇಲೆ ನೆಲೆಸಿತು. ಮನೆಯ ಸುತ್ತಲೂ ತೋಟ. ಬಾಲಕ ಪ್ಯಾಟ್ರಿಕ್ ತಂದೆಯ ಜತೆಗೆ ಆಲೂಗೆಡ್ಡೆ ನೆಡುತ್ತ, ಗುಡ್ಡದ ಮೇಲಿಂದ ಕೆಳಗಿನ ಪಟ್ಟಣ, ಹೊಳೆ, ಹೊಲಗಳನ್ನು ನೋಡುತ್ತ ಬೆಳೆದ. ಎತ್ತರದಲ್ಲಿ ನಿಂತು ಊರನ್ನು ಅದರ ಸುತ್ತಣ ನಾಡಿನೊಂದಿಗೆ ಒಟ್ಟಾಗಿ ನೋಡುವ ಅಭ್ಯಾಸ ಅಲ್ಲಿಯೇ ಬಂದಿತು; ಅದು ಕೊನೆಯವರೆಗೂ ಹೋಗಲಿಲ್ಲ.

ತಂದೆಯ ಇಷ್ಟದಂತೆ ಕೆಲವು ಕಾಲ ಬ್ಯಾಂಕಿನಲ್ಲಿ ಕೆಲಸ ಮಾಡಿದರು. ಮನಸ್ಸು ನಿಲ್ಲಲಿಲ್ಲ. ಸಸ್ಯಶಾಸ್ತ್ರ ಕಲಿಯಲು ಎಡಿನ್‌ಬರೋ ವಿಶ್ವವಿದ್ಯಾಲಯಕ್ಕೆ ಹೋದವರು ಅಲ್ಲಿನ ಪಾಠಕ್ರಮ ಹಿಡಿಸದೆ ಒಂದೇ ವಾರದಲ್ಲಿ ಹಿಂದಿರುಗಿದರು. ಅನಂತರ ಲಂಡನ್ನಿಗೆ ಹೋಗಿ ಥಾಮಸ್ ಹಕ್ಸ್‌ಲಿ ಎಂಬ ಪ್ರಖ್ಯಾತ ಜೀವವಿಜ್ಞಾನಿಯ ಶಿಷ್ಯರಾದರು. ಅಲ್ಲಿ ಅವರು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದಾಗ ವೃದ್ಧ ಚಾರ್ಲ್ಸ್ ಡಾರ್ವಿನ್ನರೇ ಬಂದು ಅವರ ಭುಜದ ಬಳಿ ನಿಂತು, ತಾವೂ ಇಣುಕಿ ನೋಡಿ ಸಂತೋಷಪಟ್ಟ ಪ್ರಸಂಗವನ್ನು ಗೆಡ್ಡೀಸರು ಜೀವಮಾನವೆಲ್ಲ ನೆನೆಯುತ್ತಿದ್ದರು. ಇಷ್ಟೆಲ್ಲ ಓದಿದರೂ ಅವರು ಯಾವ ಪದವಿ ಪರೀಕ್ಷೆಗೂ ಕೂಡಲಿಲ್ಲ. ಮುಂದೆ ಪ್ರಾಧ್ಯಾಪಕರಾದ ಇವರ ಹೆಸರಿನ ಮುಂದೆ ಪದವಿಯ ಅಕ್ಷರಗಳಿರಲಿಲ್ಲ. ನಮ್ಮ ವಿದ್ಯಾರ್ಥಿಗಳು ಇದನ್ನು ಪರೀಕ್ಷೆಗೆ ಓದದಿರಲು ನೆಪ ಮಾಡಿಕೊಳ್ಳಬಾರದು. ಅವರು ಪರೀಕ್ಷೆ ಬಿಟ್ಟರೇ ಹೊರತು ಓದನ್ನು ಬಿಡಲಿಲ್ಲ.

1879ರಲ್ಲಿ ಜೀವಿಗಳ ಸಂಗ್ರಹಕ್ಕೆಂದು ಮೆಕ್ಸಿಕೊ ದೇಶಕ್ಕೆ ಹೋದರು. ಅಲ್ಲಿ ದೊಡ್ಡ ವಿಪತ್ತೊಂದು ಬಂದಿತು. ಕಣ್ಣುಗಳು ಕೆಟ್ಟು ಕೆಲವು ವಾರಗಳ ಕಾಲ ಕತ್ತಲೆ ಕೋಣೆಯಲ್ಲಿ ಕಟ್ಟು ಕಟ್ಟಿಕೊಂಡು ಕೂರಬೇಕಾಯಿತು. ಇಪ್ಪತ್ತೈದರ ಯುವಕ, ಸೂಕ್ಷ್ಮದರ್ಶಕವೇ ಜೀವನವೆಂದು ನಂಬಿದ್ದವನು! ಆ ಕತ್ತಲೆಯಲ್ಲಿ ಕಿಟಕಿಯ ಚೌಕಟ್ಟುಗಳನ್ನು ಬೆರಳಿನಿಂದ ತಡವುತ್ತ ಕುಳಿತಾಗ, ಆ ಚೌಕಗಳಂತೆಯೇ ವಿಚಾರಗಳನ್ನೂ ಮನೆಗಳಲ್ಲಿ ಜೋಡಿಸಿ ಅವುಗಳ ಪರಸ್ಪರ ಸಂಬಂಧವನ್ನು ಕಾಣಬಹುದೆಂಬ ಯುಕ್ತಿ ಹೊಳೆಯಿತು. ದೃಷ್ಟಿ ಮರಳಿ ಬಂದರೂ ಸೂಕ್ಷ್ಮದರ್ಶಕದ ಮುಂದೆ ಬಹಳ ಹೊತ್ತು ಕೂರುವ ಶಕ್ತಿ ಬರಲಿಲ್ಲ. ಹೀಗೆ ಅತಿ ಚಿಕ್ಕ ಜೀವಿಗಳನ್ನು ನೋಡುತ್ತಿದ್ದ ಕಣ್ಣುಗಳು ಅತಿ ದೊಡ್ಡ ಜೀವಿಯೊಂದರ ಕಡೆಗೆ ತಿರುಗಿದವು. ಆ ಜೀವಿಯೇ ನಗರ.

ಎಡಿನ್‌ಬರೋದ ಹಳೆಯ ಪೇಟೆ

ಎಡಿನ್‌ಬರೋ ಸ್ಕಾಟ್ಲೆಂಡಿನ ರಾಜಧಾನಿ. ಕೋಟೆಯಿಂದ ಅರಮನೆಯವರೆಗೆ ಗುಡ್ಡದ ಬೆನ್ನಿನ ಮೇಲೆ ಒಂದೇ ಉದ್ದನೆಯ ಬೀದಿ. ಅದರ ಎರಡೂ ಕಡೆಗೆ ಮೀನಿನ ಮುಳ್ಳುಗಳಂತೆ ಇಕ್ಕಟ್ಟಾದ ಓಣಿಗಳು. ಓಣಿಗಳಲ್ಲಿ ಹತ್ತು ಅಂತಸ್ತಿನವರೆಗೂ ಏರಿದ ಕಲ್ಲುಮನೆಗಳು. 1767ರ ನಂತರ ಪಕ್ಕದಲ್ಲಿ ಹೊಸ ಪೇಟೆ ಎದ್ದಿತು. ಸಿರಿವಂತರೆಲ್ಲ ಅಲ್ಲಿಗೆ ಹೊರಟುಹೋದರು. ಹಳೆಯ ಮನೆಗಳ ಒಂದೊಂದು ಕೋಣೆಯಲ್ಲೂ ಒಂದೊಂದು ಬಡ ಕುಟುಂಬ ಸೇರಿಕೊಂಡಿತು. ದುರಸ್ತಿ ಮಾಡುವವರಿಲ್ಲ, ನೀರಿಲ್ಲ, ಗಾಳಿಯಿಲ್ಲ. 1861ನೆಯ ನವೆಂಬರಿನ ಒಂದು ರಾತ್ರಿ ಆ ದೊಡ್ಡ ಬೀದಿಯ ಮನೆಯೊಂದು ಇದ್ದಕ್ಕಿದ್ದಂತೆ ಕುಸಿದು 35 ಜನ ಮಡಿದರು.

ಊರಿನವರು ಬೆಚ್ಚಿಬಿದ್ದರು. 1867ರಲ್ಲಿ ನಗರ ಸುಧಾರಣೆಯ ಶಾಸನವಾಯಿತು. ಹಳೆಯ ಮನೆಗಳ ಸಾಲುಗಳನ್ನು ಕೆಡವಿ ಅಗಲವಾದ ಬೀದಿಗಳನ್ನು ಕೊರೆದರು. ಬೆಳಕು ಬಂತು, ಗಾಳಿ ಬಂತು, ಸುಳ್ಳಲ್ಲ. ಆದರೆ ಅಲ್ಲಿದ್ದ ಬಡವರು ಎಲ್ಲಿಗೆ ಹೋಗಬೇಕು? ಹೊಸ ಮನೆಗಳ ಬಾಡಿಗೆ ಅವರ ಕೈಗೆ ಎಟುಕುವಂತಿರಲಿಲ್ಲ. ಅವರು ಪಕ್ಕದ ಓಣಿಗಳಿಗೆ ನುಗ್ಗಿದರು. ಅಲ್ಲಿ ಇಕ್ಕಟ್ಟು ಇನ್ನಷ್ಟು ಹೆಚ್ಚಿತು. ರೋಗ ಒಂದು ಓಣಿಯಿಂದ ಇನ್ನೊಂದು ಓಣಿಗೆ ವಾಸಸ್ಥಳ ಬದಲಾಯಿಸಿದಂತಾಯಿತು.

ಈ ಪೇಟೆಯ ನಡುವೆ ಗೆಡ್ಡೀಸರು ಬಂದು ನೆಲೆಸಿದರು. 1880ರಿಂದ ಅವರು ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ಸಹಾಯಕ ಅಧ್ಯಾಪಕರು. 1886ರಲ್ಲಿ ಆನಾ ಮಾರ್ಟನ್ ಎಂಬ ಸಂಗೀತಗಾರ್ತಿಯನ್ನು ವಿವಾಹವಾದರು. ಹೊಸ ಪೇಟೆಯಲ್ಲಿ ಸುಖವಾಗಿರಬಹುದಾಗಿದ್ದ ಈ ದಂಪತಿಗಳು ಹಳೆಯ ಪೇಟೆಯ ಜೇಮ್ಸ್ ಕೋರ್ಟ್ ಎಂಬ ಹೊಲಸು ವಠಾರದಲ್ಲಿ ಮನೆ ಹಿಡಿದರು. ನೆರೆಹೊರೆಯವರನ್ನು ಕೂಡಿಸಿಕೊಂಡು ಕಸ ತೆಗೆದರು, ಗೋಡೆಗೆ ಸುಣ್ಣ ಬಳಿದರು, ಕಿಟಕಿಗಳಲ್ಲಿ ಹೂವಿನ ಗಿಡಗಳನ್ನಿಟ್ಟರು. ಭಾಷಣ ಮಾಡಲಿಲ್ಲ, ಪೊರಕೆ ಹಿಡಿದರು. ಅವರ ಹಿರಿಯ ಮಗಳು ನೋರಾ ಹುಟ್ಟಿದ್ದು ಅದೇ ವಠಾರದಲ್ಲಿ.

ಮುಂದಿನ ಕೆಲಸ ದೊಡ್ಡದು. ಅದಕ್ಕೆ ಅವರು ಬಳಸಿದ ಉಪಾಯಗಳನ್ನು ನಾವು ಸ್ವಲ್ಪ ವಿವರವಾಗಿ ನೋಡಬೇಕು. ಸದುದ್ದೇಶವೊಂದರಿಂದಲೇ ಮನೆ ದುರಸ್ತಿಯಾಗುವುದಿಲ್ಲ. ಹಣ ಬೇಕು, ಕಟ್ಟಳೆ ಬೇಕು, ಜನರಿಗೆ ಅದರಿಂದ ಪ್ರಯೋಜನವೂ ಕಾಣಬೇಕು.

ಒಂದನೆಯದು, 1885ರಲ್ಲಿ ಅವರೂ ಅವರ ಸ್ನೇಹಿತರೂ ಕೂಡಿ ಸ್ಥಾಪಿಸಿದ ಎಡಿನ್‌ಬರೋ ಸಮಾಜ ಸಂಘ. ಲಂಡನ್ನಿನಲ್ಲಿ ಆಕ್ಟೇವಿಯಾ ಹಿಲ್ ಎಂಬ ಮಹಿಳೆ ತೋರಿಸಿದ್ದ ದಾರಿಯಲ್ಲಿ ಈ ಸಂಘ ನಡೆಯಿತು. ಹಳೆಯ ಮನೆಗಳ ನಿರ್ವಹಣೆಯನ್ನು ವಹಿಸಿಕೊಳ್ಳುವುದು, ಬಾಡಿಗೆ ವಸೂಲಿಗೆ ಸ್ವಯಂಸೇವಕರೇ ಮನೆಮನೆಗೆ ಹೋಗುವುದು, ಬಂದ ಬಾಡಿಗೆಯಿಂದಲೇ ದುರಸ್ತಿ ಮಾಡಿಸುವುದು. ಬಾಡಿಗೆದಾರನನ್ನು ಹೊರಗೆ ಹಾಕದೆ ಮನೆಯನ್ನು ಸುಧಾರಿಸುವ ಮಾರ್ಗ ಇದು.

ಎರಡನೆಯದು, ಹೊರಟುಹೋದವರನ್ನು ಮರಳಿ ಕರೆತರುವುದು. 1887ರಲ್ಲಿ ಅವರು ಹಳೆಯ ಪೇಟೆಯ ಮನೆಗಳನ್ನು ಹಿಡಿದು, ವಿದ್ಯಾರ್ಥಿಗಳೇ ಆಡಳಿತ ನಡೆಸುವ ವಸತಿಗೃಹವೊಂದನ್ನು ಆರಂಭಿಸಿದರು. ಮೇಷ್ಟ್ರು, ವಿದ್ಯಾರ್ಥಿ, ಕೂಲಿಕಾರ, ಕುಶಲಕರ್ಮಿ ಒಂದೇ ಓಣಿಯಲ್ಲಿದ್ದರೆ ಆ ಓಣಿಯ ಕೊಳಾಯಿ ಕೆಟ್ಟಾಗ ಕೇಳುವವರು ಇರುತ್ತಾರೆ ಎಂಬುದು ಅವರ ಲೆಕ್ಕ. ಕೋಟೆಯ ಬಳಿಯಲ್ಲಿ ರ‍್ಯಾಮ್ಸೆ ಗಾರ್ಡನ್ ಎಂಬ ಸುಂದರವಾದ ಮನೆಗಳ ಗುಂಪು 1890ರ ದಶಕದಲ್ಲಿ ಎದ್ದಿತು.

ಮೂರನೆಯದು, ಬಂಡವಾಳ. ಸಾಲ ಮಾಡಿ, ಹೆಂಡತಿಯ ಹಣವನ್ನೂ ತೊಡಗಿಸಿ ಮನೆಗಳನ್ನು ಕೊಳ್ಳುತ್ತ ಹೋದರು. ಲೆಕ್ಕಪತ್ರದಲ್ಲಿ ಗೆಡ್ಡೀಸರು ಜಾಣರಲ್ಲ. ಸಾಲ ತಲೆಯ ಮೇಲೆ ಬಂದಾಗ 1896ರಲ್ಲಿ ಸ್ನೇಹಿತರು ಸೇರಿ ಷೇರುಗಳ ಮೇಲೆ ಹಣ ಕೂಡಿಸಿ ಸಂಸ್ಥೆಯೊಂದನ್ನು ಸ್ಥಾಪಿಸಿ ಆ ಆಸ್ತಿಗಳನ್ನು ವಹಿಸಿಕೊಂಡರು. ಹಣ ಹಾಕಿದವನಿಗೆ ಲಾಭಾಂಶ, ಓಣಿಗೆ ದುರಸ್ತಿ. ಧರ್ಮದಿಂದ ಆಗದ್ದನ್ನು ಧರ್ಮ ಮತ್ತು ವ್ಯವಹಾರ ಎರಡೂ ಕೂಡಿ ಮಾಡಬಹುದೆಂಬ ಪ್ರಯೋಗ ಅದು.

1892ರಲ್ಲಿ ಕೋಟೆಯ ಸಮೀಪದ ಎತ್ತರದ ಕಟ್ಟಡವೊಂದನ್ನು ಕೊಂಡು ಅದನ್ನು ನೋಟದ ಗೋಪುರವನ್ನಾಗಿ ಮಾಡಿದರು. ಮೇಲಿನ ಕತ್ತಲೆ ಕೋಣೆಯಲ್ಲಿ ಕನ್ನಡಿ ಮತ್ತು ಮಸೂರಗಳ ಮೂಲಕ ಇಡೀ ಊರಿನ ಚಲಿಸುವ ಚಿತ್ರ ಬಿಳಿಯ ಮೇಜಿನ ಮೇಲೆ ಬೀಳುತ್ತದೆ. ಕೆಳಗಿಳಿಯುತ್ತ ಬಂದರೆ ಒಂದೊಂದು ಅಂತಸ್ತಿನಲ್ಲಿ ನಗರ, ಸ್ಕಾಟ್ಲೆಂಡ್, ಯೂರೋಪು, ಕೊನೆಗೆ ಇಡೀ ಜಗತ್ತಿನ ವಿವರಗಳು. ಮಕ್ಕಳು ಮೊದಲು ತಮ್ಮ ಊರನ್ನು ತಿಳಿದು ಆಮೇಲೆ ಜಗತ್ತನ್ನು ತಿಳಿಯಲಿ ಎಂಬ ಕ್ರಮ. ಆ ಗೋಪುರದ ಸಮಿತಿಯೊಂದು ಮುಂದೆ ಹಳೆಯ ಪೇಟೆಯ ಖಾಲಿ ಜಾಗಗಳನ್ನು ಅಳೆಯಿತು. ಬೆಳಕಿಲ್ಲ, ಬಯಲಿಲ್ಲ ಎನ್ನುತ್ತಿದ್ದ ಅದೇ ಪೇಟೆಯಲ್ಲಿ ಕಸ ತುಂಬಿದ 76 ತುಂಡು ಜಾಗಗಳು ಸಿಕ್ಕವು. ಒಟ್ಟು 10 ಎಕರೆ! ಮಗಳು ನೋರಾಳ ನೇತೃತ್ವದಲ್ಲಿ ಅವುಗಳಲ್ಲಿ ಕೆಲವು ಮಕ್ಕಳ ತೋಟಗಳಾದವು. ಒಂದು ಮನೆಯನ್ನೂ ಕೆಡವದೆ ಊರಿಗೆ ತೋಟ ಬಂದಿತು.

ಈ ಮಧ್ಯೆ 1888ರಲ್ಲಿ ಅವರು ಡಂಡೀ ಎಂಬ ಊರಿನ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾದರು. ವರ್ಷಕ್ಕೆ ಬೇಸಿಗೆಯ ಒಂದು ಅವಧಿ ಮಾತ್ರ ಪಾಠ. ಉಳಿದ ಕಾಲವೆಲ್ಲ ಊರುಗಳಿಗೆ. ಈ ಕೆಲಸದಲ್ಲಿ ಅವರು 1919ರವರೆಗೆ ಇದ್ದರು.

ಭಾರತಕ್ಕೆ ಆಗಮನ

ಗೆಡ್ಡೀಸರು ನಕ್ಷೆ, ಚಿತ್ರ, ಮಾದರಿಗಳನ್ನು ಕೂಡಿಸಿ ನಗರಗಳ ಬಗೆಗೆ ದೊಡ್ಡ ಪ್ರದರ್ಶನವೊಂದನ್ನು ಸಿದ್ಧಪಡಿಸಿದ್ದರು. ಮದ್ರಾಸಿನ ಗವರ್ನರರಾಗಿದ್ದ ಲಾರ್ಡ್ ಪೆಂಟ್‌ಲೆಂಡ್ ಅದನ್ನು ಭಾರತಕ್ಕೆ ತರುವಂತೆ ಆಹ್ವಾನಿಸಿದರು. 1914ರಲ್ಲಿ ಗೆಡ್ಡೀಸರು ಮಗ ಅಲಾಸ್ಟೇರನೊಂದಿಗೆ ಒಂದು ಹಡಗಿನಲ್ಲಿ ಹೊರಟರು. ಪ್ರದರ್ಶನದ ಪೆಟ್ಟಿಗೆಗಳು ಕ್ಲಾನ್ ಗ್ರಾಂಟ್ ಎಂಬ ಇನ್ನೊಂದು ಹಡಗಿನಲ್ಲಿ ಬಂದವು. ಅಷ್ಟರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾಗಿತ್ತು. ಮದ್ರಾಸಿನ ಮೇಲೆ ಗುಂಡು ಹಾರಿಸಿ ನಮ್ಮ ಹಿರಿಯರ ಬಾಯಲ್ಲಿ ಬಹುಕಾಲ ಉಳಿದ ಎಮ್ಡನ್ ಎಂಬ ಜರ್ಮನ್ ಯುದ್ಧನೌಕೆಯೇ 1914ನೆಯ ಅಕ್ಟೋಬರಿನಲ್ಲಿ ಆ ಹಡಗನ್ನು ಸಮುದ್ರದ ಪಾಲು ಮಾಡಿತು. ಎಷ್ಟೋ ವರ್ಷಗಳ ದುಡಿಮೆ ಮುಳುಗಿಹೋಯಿತು. ಬೇರೆಯವರಾಗಿದ್ದರೆ ಹಿಂದಿರುಗುತ್ತಿದ್ದರು. ಇವರು ಸ್ವದೇಶದ ಸ್ನೇಹಿತರಿಗೆ ಬರೆದು ಮತ್ತೆ ನಕ್ಷೆಗಳನ್ನು ಕೂಡಿಸಿ ತರಿಸಿ, 1915ರ ಆರಂಭದಲ್ಲಿ ಮದ್ರಾಸಿನ ಸೆನೆಟ್ ಭವನದಲ್ಲಿ ಪ್ರದರ್ಶನವನ್ನು ನಡೆಸಿಯೇಬಿಟ್ಟರು.

ಆಗ ನಮ್ಮ ದೇಶದ ಪಟ್ಟಣಗಳ ಸ್ಥಿತಿ ಹೇಗಿತ್ತು? 1896ರಲ್ಲಿ ಮುಂಬಯಿಗೆ ಪ್ಲೇಗು ಬಂದಿತು. ಅಲ್ಲಿಂದ ಊರೂರಿಗೆ ಹಬ್ಬಿತು. ಮುಂಬಯಿಯಲ್ಲಿ 1898ರಲ್ಲೂ, ಮೈಸೂರಿನಲ್ಲಿ 1903ರಲ್ಲೂ ನಗರ ಸುಧಾರಣಾ ಮಂಡಲಿಗಳು ಸ್ಥಾಪಿತವಾದವು. ಬೆಂಗಳೂರಿನ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ತುಂಬಿಕೊಂಡದ್ದು ಆ ಪ್ಲೇಗಿನ ದಿನಗಳಿಂದ. ಊರ ಹೊರಗೆ ಬಡಾವಣೆ ಕಟ್ಟಿದ್ದು ಸರಿಯೇ. ಆದರೆ ಊರ ಒಳಗೆ ನೆಟ್ಟಗೆ ಗೆರೆ ಎಳೆದು, ಅಡ್ಡ ಬಂದ ಮನೆಗಳನ್ನೆಲ್ಲ ಕೆಡವುವ ಚಪಲವೂ ಜತೆಯಲ್ಲೇ ಬೆಳೆಯಿತು. ಇಲಿಗೆ ಹೆದರಿ ಮನೆ ಸುಟ್ಟರು ಎಂಬ ನಮ್ಮ ಗಾದೆ ಅಕ್ಷರಶಃ ನಿಜವಾಗುವ ಹಾಗಿತ್ತು.

ಗೆಡ್ಡೀಸರು ಇದನ್ನು ವಿರೋಧಿಸಿದರು. ಮದ್ರಾಸು ಪ್ರಾಂತದಲ್ಲಿ ತಂಜಾವೂರು, ಮಧುರೆ, ಬಳ್ಳಾರಿ ಮೊದಲಾದ ಪಟ್ಟಣಗಳನ್ನು ಸುತ್ತಿ 1915ರಲ್ಲಿ ವರದಿಗಳನ್ನು ಬರೆದರು. ಮುಂದೆ ಲಖನೌ, ಲಾಹೋರು, ಬಲರಾಂಪುರ, ಢಾಕಾ, ಬರೋಡಾ ಎಂದು ಸುಮಾರು 50 ಊರುಗಳು. ಅಧಿಕಾರಿಗಳು ಮೇಜಿನ ಮೇಲೆ ನಕ್ಷೆ ಹರಡಿ ನೋಡುತ್ತಿದ್ದರೆ ಈ ಗಡ್ಡದ ಮುದುಕರು ಬಿಸಿಲಿನಲ್ಲಿ ಓಣಿ ಓಣಿ ನಡೆಯುತ್ತಿದ್ದರು. ಯಾವ ಮನೆ ಗಟ್ಟಿ, ಯಾವುದು ಬಿದ್ದಿದೆ, ಬಾವಿ ಎಲ್ಲಿ, ಮರ ಎಲ್ಲಿ, ಗುಡಿ ಎಲ್ಲಿ, ಹೆಂಗಸರು ನೀರಿಗೆ ಯಾವ ದಾರಿಯಲ್ಲಿ ಹೋಗುತ್ತಾರೆ, ಮಕ್ಕಳು ಎಲ್ಲಿ ಆಡುತ್ತಾರೆ ಎಂದು ಗುರುತು ಹಾಕಿಕೊಳ್ಳುತ್ತಿದ್ದರು.

ಉಳಿಸುವ ಶಸ್ತ್ರಚಿಕಿತ್ಸೆ

ಅವರ ವಿಧಾನಕ್ಕೆ ಅವರು ಇಟ್ಟ ಹೆಸರು ಉಳಿಸುವ ಶಸ್ತ್ರಚಿಕಿತ್ಸೆ. ಕಾಲಿಗೆ ಹುಣ್ಣಾದರೆ ಒಳ್ಳೆಯ ವೈದ್ಯನು ಕೀವು ತೆಗೆಯುತ್ತಾನೆ. ಕಾಲನ್ನೇ ಕಡಿಯುವುದು ಕೊನೆಯ ಮಾತು. ಊರಿನ ಓಣಿಗೂ ಹಾಗೆಯೇ.

ಮೊದಲು ಪರೀಕ್ಷೆ, ಆಮೇಲೆ ಚಿಕಿತ್ಸೆ. ಮನೆಮನೆಯ ಸ್ಥಿತಿಯನ್ನು ತಿಳಿಯದೆ ನಕ್ಷೆ ಬರೆಯಕೂಡದು. ಗಟ್ಟಿ ಮನೆಗಳು ಉಳಿಯಬೇಕು. ಬಿದ್ದುಹೋದ, ವಾಸಕ್ಕೆ ತೀರ ಅಯೋಗ್ಯವಾದ ಕೆಲವನ್ನು ಮಾತ್ರ ತೆಗೆಯಬೇಕು. ಹಾಳುಬಿದ್ದ ಎರಡು ಮೂರು ನಿವೇಶನಗಳನ್ನು ಕೂಡಿಸಿದರೆ ಓಣಿಗೊಂದು ಚಿಕ್ಕ ಬಯಲಾಗುತ್ತದೆ; ಅಲ್ಲೊಂದು ಮರ ನೆಟ್ಟರೆ ಗಾಳಿ, ನೆರಳು, ಮಕ್ಕಳ ಆಟ ಎಲ್ಲವೂ ಆಯಿತು. ಗುಡಿ, ಬಾವಿ, ಮರಗಳನ್ನು ಅಡ್ಡಿಯೆಂದು ತಿಳಿಯದೆ ಅವುಗಳ ಸುತ್ತಲೇ ಆ ಬಯಲು ರೂಪುಗೊಳ್ಳಬೇಕು. ಬೀದಿ ಸ್ವಲ್ಪ ಡೊಂಕಾಗಿದ್ದರೆ ಡೊಂಕಾಗಿಯೇ ಇರಲಿ. ಮನೆ ಕಳೆದುಕೊಳ್ಳುವವನಿಗೆ ಕೆಡವುವ ಮುನ್ನವೇ ಬೇರೆ ಜಾಗ ತೋರಿಸಬೇಕು, ಅದೂ ಅವನ ಕೆಲಸಕ್ಕೆ ಹತ್ತಿರದಲ್ಲಿ.

ತಂಜಾವೂರಿನ ಕೋಟೆಯೊಳಗಿನ ಕೇರಿಗೆ ನೆಟ್ಟನೆಯ ಬೀದಿಗಳ ಯೋಜನೆಯೊಂದು ಮೊದಲೇ ಸಿದ್ಧವಾಗಿತ್ತು. ಗೆಡ್ಡೀಸರು ಅದೇ ಜಾಗಕ್ಕೆ ತಮ್ಮ ವಿಧಾನದ ನಕ್ಷೆ ಬರೆದು ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು ತೋರಿಸಿದರು. ಬೀಳುವ ಮನೆಗಳು ಬಹು ಕಡಿಮೆ. ಖರ್ಚು ಮೊದಲಿನದರ ಒಂದು ಸಣ್ಣ ಪಾಲು. ಕೆಡವಿದರೆ ಪರಿಹಾರ ಕೊಡಬೇಕು, ಪರಿಹಾರಕ್ಕೆ ಸಾಲ ಮಾಡಬೇಕು, ಸಾಲ ತೀರಿಸಲು ಜಾಗವನ್ನು ದುಬಾರಿ ಬೆಲೆಗೆ ಮಾರಬೇಕು. ಮಾರಿದ ಮೇಲೆ ಬಡವನು ಅಲ್ಲಿಗೆ ಹಿಂದಿರುಗುವ ಮಾತೆಲ್ಲಿ? ಈ ಸರಪಳಿಯನ್ನು ಅವರು ವರದಿಯಿಂದ ವರದಿಗೆ ಬಿಡಿಸಿ ಹೇಳಿದರು. ಕೆರೆಗಳ ವಿಷಯದಲ್ಲೂ ಅಷ್ಟೇ. ಸೊಳ್ಳೆಯ ಭಯದಿಂದ ಊರ ಕೆರೆಗಳನ್ನು ಮುಚ್ಚಲು ಹೊರಟವರಿಗೆ, ಕೆರೆಯನ್ನು ಚೊಕ್ಕಟ ಮಾಡಿ ಮೀನು, ಬಾತುಕೋಳಿಗಳನ್ನು ಬಿಡಿ, ಅವು ಸೊಳ್ಳೆಮರಿಗಳನ್ನು ತಿನ್ನುತ್ತವೆ ಎಂದು ತಿಳಿಹೇಳಿದರು. ಕೆರೆಯ ಬೆಲೆ ನಮ್ಮ ಬರಗಾಲದ ಸೀಮೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇಂದೂರಿನ ದೀಪಾವಳಿ

ಹೋಳ್ಕರರ ರಾಜ್ಯವಾದ ಇಂದೂರಿಗೆ ಗೆಡ್ಡೀಸರು ಯೋಜನೆ ತಯಾರಿಸಲು ಹೋದಾಗ ಅಲ್ಲಿ ಪ್ಲೇಗಿನ ಕಾಟ. ನಕ್ಷೆ ಹಿಡಿದು ಓಡಾಡುವ ಈ ವಿದೇಶಿಯನ್ನು ಕಂಡರೆ ಜನರಿಗೆ ಭಯ. ನಕ್ಷೆಯ ಹಿಂದೆ ಗುದ್ದಲಿ ಬರುತ್ತದೆಂದು ಅವರಿಗೆ ಗೊತ್ತು. ಗೆಡ್ಡೀಸರು ಅರಸರ ಅನುಮತಿ ಪಡೆದು ಒಂದು ದಿನದ ಮಟ್ಟಿಗೆ ಹಬ್ಬದ ಮೆರವಣಿಗೆಯ ಅಧಿಕಾರವನ್ನು ತಮ್ಮ ಕೈಗೆ ತೆಗೆದುಕೊಂಡರು. ದೀಪಾವಳಿಯ ಮೆರವಣಿಗೆ ಈ ಸಲ ರೂಢಿಯ ಬೀದಿಗಳಲ್ಲಿ ಹೋಗುವುದಿಲ್ಲ. ಯಾವ ಬೀದಿಯವರು ಹೆಚ್ಚು ಮನೆಗಳನ್ನು ಸ್ವಚ್ಛಗೊಳಿಸಿ ದುರಸ್ತಿ ಮಾಡುತ್ತಾರೋ ಆ ಬೀದಿಯಲ್ಲಿ ಹೋಗುತ್ತದೆ ಎಂದು ಸಾರಿಸಿದರು. ಕಸ ಸಾಗಿಸುವ ಗಾಡಿ ಉಚಿತ.

ಊರಿಗೆ ಊರೇ ಸುಣ್ಣ ಬಳಿಯಲು ನಿಂತಿತು! ಬೀದಿ ಬೀದಿಗೂ ಪೈಪೋಟಿ. ಹಬ್ಬದ ದಿನ ಸುಗ್ಗಿಯ ಬೆಳೆ, ಸಿಂಗರಿಸಿದ ಎತ್ತುಗಳು, ಆನೆಗಳು. ಹಿಂದೆ ಕೊಳೆಯ ರಾಕ್ಷಸ, ಪ್ಲೇಗಿನ ದೊಡ್ಡ ಇಲಿ, ಸೊಳ್ಳೆಯ ಬೊಂಬೆಗಳು. ಅವುಗಳ ಹಿಂದೆ ಬಿಳಿಯ ಬಟ್ಟೆಯುಟ್ಟು ಹೂಮಾಲೆ ಧರಿಸಿದ ಜಾಡಮಾಲಿಗಳು ಸನ್ಮಾನಿತರಾಗಿ ನಡೆದರು. ಕೊನೆಗೆ ಲಕ್ಷ್ಮಿಯ ರಥ, ಹೊಸ ಊರಿನ ಮಾದರಿಗಳು, ಜನರಿಗೆ ಹಂಚಲು ತುಳಸಿಯ ಕುಂಡಗಳು. ರಾತ್ರಿ ಆ ರಾಕ್ಷಸನನ್ನು ಸುಟ್ಟರು. ದಂಡ ಹಾಕಿ ಮಾಡಿಸಲಾಗದ ಕೆಲಸವನ್ನು ಒಂದು ಗೌರವದ ಆಸೆ ಮಾಡಿಸಿತು. ಇಂದು ನಗರ ಯೋಜಕರು ಉತ್ತೇಜನ ಎನ್ನುವುದು ಇದನ್ನೇ. ಇಂದೂರಿನ ಬಗೆಗೆ ಅವರು ಬರೆದ ವರದಿ 1918ರಲ್ಲಿ ಎರಡು ಸಂಪುಟಗಳಾಗಿ ಪ್ರಕಟವಾಯಿತು.

ದುಃಖ ಮತ್ತು ದುಡಿಮೆ

1917ನೆಯ ವರ್ಷ ಗೆಡ್ಡೀಸರ ಬಾಳಿನಲ್ಲಿ ಅತ್ಯಂತ ಕ್ರೂರವಾದುದು. ಎಪ್ರಿಲ್ ತಿಂಗಳಿನಲ್ಲಿ ಮಗ ಅಲಾಸ್ಟೇರ್ ಫ್ರಾನ್ಸಿನ ರಣರಂಗದಲ್ಲಿ ಮಡಿದ. ಸುದ್ದಿ ಬಂದಾಗ ಆನಾ ವಿಷಮಶೀತ ಜ್ವರದಿಂದ ಹಾಸಿಗೆ ಹಿಡಿದಿದ್ದರು. ಗಂಡ ಆ ಸುದ್ದಿಯನ್ನು ಹೆಂಡತಿಗೆ ಹೇಳಲಿಲ್ಲ; ಎದೆಯಲ್ಲಿ ಬೆಂಕಿಯಿಟ್ಟುಕೊಂಡು ಮುಖದಲ್ಲಿ ನಗುತ್ತ ಆಕೆಯ ಬಳಿ ಕುಳಿತರು. ಜೂನ್ ತಿಂಗಳಿನಲ್ಲಿ ಕಲಕತ್ತೆಯಲ್ಲಿ ಆ ಸಾಧ್ವಿ ಮಗನ ಮರಣವನ್ನು ತಿಳಿಯದೆಯೇ ತೀರಿಕೊಂಡರು. ಸಾಲ, ಅಲೆದಾಟ, ಗಂಡನ ಎಂದೂ ಮುಗಿಯದ ಕನಸುಗಳು, ಇವೆಲ್ಲವನ್ನೂ ಮೂವತ್ತೊಂದು ವರ್ಷ ಹೊತ್ತ ಜೀವ ಅದು. ಗೆಡ್ಡೀಸರ ಕೆಲಸದಲ್ಲಿ ಅರ್ಧ ಆಕೆಯದೆಂದರೆ ಹೆಚ್ಚಾಗದು.

ಅವರು ಕೆಲಸ ನಿಲ್ಲಿಸಲಿಲ್ಲ. 1919ರಿಂದ 1924ರವರೆಗೆ ಮುಂಬಯಿ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ವಿಜ್ಞಾನಿ ಜಗದೀಶಚಂದ್ರ ಬೋಸರ ಜೀವನಚರಿತ್ರೆಯನ್ನು ಬರೆದು 1920ರಲ್ಲಿ ಪ್ರಕಟಿಸಿದರು. 1925ರಲ್ಲಿ ಟೆಲ್ ಅವೀವ್ ನಗರಕ್ಕೆ ಯೋಜನೆ ಮಾಡಿಕೊಟ್ಟರು. ಕೊನೆಯ ವರ್ಷಗಳನ್ನು ಫ್ರಾನ್ಸಿನ ಮಾಂಟ್‌ಪೆಲಿಯೆಯಲ್ಲಿ ತಾವು ಸ್ಥಾಪಿಸಿದ ವಿದ್ಯಾಲಯದಲ್ಲಿ ಕಳೆದರು. ಹಿಂದೊಮ್ಮೆ ಬೇಡವೆಂದಿದ್ದ ಸರ್ ಪದವಿಯನ್ನು 1932ರಲ್ಲಿ ಒಪ್ಪಿಕೊಂಡರು. ಅದೇ ವರ್ಷ ಎಪ್ರಿಲ್ 17ರಂದು ಅಲ್ಲಿಯೇ ನಿಧನರಾದರು. ಆಗ ಅವರಿಗೆ ವಯಸ್ಸು 77.

ನಾವು ಕಲಿಯಬೇಕಾದುದು

ದೊಡ್ಡವರ ಚರಿತ್ರೆಯನ್ನು ಬರೆಯುವಾಗ ಕೊರತೆಗಳನ್ನು ಮುಚ್ಚಿಡುವುದು ಸರಿಯಲ್ಲ. ಗೆಡ್ಡೀಸರ ಮಾತು ಗಡ್ಡದೊಳಗೇ ಉಳಿದು ಹಿಂದಿನ ಸಾಲಿನವರಿಗೆ ಕೇಳುತ್ತಿರಲಿಲ್ಲ. ಒಂದು ಕೆಲಸ ಮುಗಿಯುವ ಮೊದಲೇ ಇನ್ನೊಂದಕ್ಕೆ ಜಿಗಿಯುತ್ತಿದ್ದರು. ಭಾರತದ ವರದಿಗಳಲ್ಲಿ ಬಹಳಷ್ಟು ಕಪಾಟುಗಳಲ್ಲೇ ಉಳಿದವು. 1947ರಲ್ಲಿ ಜಾಕ್ವೆಲಿನ್ ಟಿರ್ವಿಟ್ ಎಂಬ ವಿದುಷಿ ಅವುಗಳಿಂದ ಆಯ್ದು ಪುಸ್ತಕ ಮಾಡಿದ ಮೇಲೆಯೇ ಅವು ಹೆಚ್ಚು ಜನರಿಗೆ ತಲುಪಿದವು. ಇನ್ನೂ ಒಂದು ಮಾತಿದೆ. ರ‍್ಯಾಮ್ಸೆ ಗಾರ್ಡನ್ನಿನ ಚೆಂದದ ಮನೆಗಳಿಗೆ ಬಂದವರು ಪ್ರಾಧ್ಯಾಪಕರು, ಕಲಾವಿದರೇ ಹೊರತು ಕೂಲಿಯವರಲ್ಲ. ಓಣಿ ಚೆನ್ನಾದ ಮೇಲೆ ಬಾಡಿಗೆ ಏರುತ್ತದೆ. ಏರಿದ ಮೇಲೆ ಮೊದಲಿದ್ದವರು ಉಳಿಯುವುದು ಹೇಗೆ? ಈ ಪ್ರಶ್ನೆಗೆ ಅವರ ಬಾಳೂ ಪೂರ್ಣವಾದ ಉತ್ತರ ಕೊಡಲಿಲ್ಲ.

ಅವರ ಕಾಲದಿಂದ ಈಚೆಗೆ ಉಪಾಯಗಳು ಬೆಳೆದಿವೆ. 1915ರ ಮುಂಬಯಿ ಶಾಸನದಂತೆ ಅಕ್ಕಪಕ್ಕದವರ ಜಮೀನುಗಳನ್ನು ಒಟ್ಟುಗೂಡಿಸಿ, ರಸ್ತೆಗೂ ಬಯಲಿಗೂ ಪಾಲು ತೆಗೆದು, ಉಳಿದುದನ್ನು ಅವರವರಿಗೇ ಅಚ್ಚುಕಟ್ಟಾದ ನಿವೇಶನಗಳಾಗಿ ಹಿಂದಿರುಗಿಸುವ ಪದ್ಧತಿ ಬಂತು. ಮದ್ರಾಸಿನಲ್ಲಿ 1920ರಲ್ಲಿ ಪಟ್ಟಣ ಯೋಜನೆಯ ಶಾಸನವಾಯಿತು. ಮುಂಬಯಿಯ 1991ರ ನಿಯಮಗಳು, ಸಾರ್ವಜನಿಕ ಕೆಲಸಕ್ಕೆ ಜಾಗ ಬಿಟ್ಟುಕೊಟ್ಟವನಿಗೆ ಹಣದ ಬದಲು ಬೇರೆ ಕಡೆ ಹೆಚ್ಚು ಅಂತಸ್ತು ಕಟ್ಟುವ ಹಕ್ಕುಪತ್ರ ಕೊಡುವ ಕ್ರಮವನ್ನು ತಂದವು. ಆ ಪತ್ರವನ್ನು ಮಾರಲೂ ಬಹುದು. ಇವೆಲ್ಲ ಒಳ್ಳೆಯ ಆಯುಧಗಳೇ. ಆದರೆ ಹಕ್ಕುಪತ್ರ ಸೇರುವುದು ಜಾಗದ ಒಡೆಯನಿಗೆ. ಕಟ್ಟೆಯ ಮೇಲೆ ಬಳೆ ಮಾರುವವಳಿಗೆ ಏನು ಸೇರಬೇಕು? ಗೆಡ್ಡೀಸರು ಇದ್ದಿದ್ದರೆ ನಕ್ಷೆಯನ್ನು ಮಡಿಸಿಟ್ಟು ಮೊದಲು ಆ ಕಟ್ಟೆಯ ಮೇಲೆ ಹೋಗಿ ಕೂರುತ್ತಿದ್ದರೆಂದು ನಮಗೆ ಅನಿಸುತ್ತದೆ.

ವಿದ್ಯಾರ್ಥಿ ಮಿತ್ರರೇ, ಮುಂದಿನ ದಸರಾ ರಜೆಯಲ್ಲಿ ಒಂದು ಕೆಲಸ ಮಾಡೋಣ. ನಿಮ್ಮ ನಿಮ್ಮ ಓಣಿಯ ನಕ್ಷೆಯನ್ನು ನೀವೇ ಬರೆಯಿರಿ. ಗಟ್ಟಿ ಮನೆ, ಬಿದ್ದ ಮನೆ, ಬಾವಿ, ಮರ, ಗುಡಿ, ಮಸೀದಿ, ಖಾಲಿ ಜಾಗ, ಯಾರು ಎಲ್ಲಿ ಯಾವ ಕೆಲಸ ಮಾಡುತ್ತಾರೆ, ಎಲ್ಲವನ್ನೂ ಗುರುತಿಸಿರಿ. ಅಜ್ಜ ಅಜ್ಜಿಯರನ್ನು ಕೇಳಿರಿ. ಆ ನಕ್ಷೆಗಳನ್ನು ನಾವು ಶಾಲೆಯ ಗೋಡೆಯ ಮೇಲೆ ಅಂಟಿಸುತ್ತೇವೆ. ತಂದೆತಾಯಿಗಳಲ್ಲಿ ನಮ್ಮ ವಿನಂತಿ ಇಷ್ಟೇ: ಮಕ್ಕಳು ಅಳತೆಯ ದಾರ ಹಿಡಿದು ಬಂದಾಗ ಗದರಿಸದೆ ದಾರದ ಇನ್ನೊಂದು ತುದಿಯನ್ನು ನೀವು ಹಿಡಿಯಿರಿ. ಮುಂದೆಂದಾದರೂ ಯಾರಾದರೂ ಕೆಂಪು ಬಣ್ಣದ ಡಬ್ಬಿಯೊಂದಿಗೆ ನಮ್ಮ ಓಣಿಗೆ ಬಂದರೆ, ಅವರಿಗೆ ತೋರಿಸಲು ನಮ್ಮ ಕೈಯಲ್ಲಿಯೂ ಒಂದು ನಕ್ಷೆ ಇರಲಿ.